ಅಮ್ಮಾರು ಟೈಪ್ ಮಾಡಿದ ಮಾತು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ. ತನ್ನ ಬೆನ್ನ ಮೇಲಿದ್ದ ಚೀಲದ ಮೇಲೆ ಏನು ಬರೆದಿದೆ ಎಂದು ಓದಲು ಅವನಿಗೆ ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ಕಂಪ್ಯೂಟರ್ ಸೆಂಟರ್ ತೆರೆದಾಗ, ಸೆಂಟರಿನ ಹೆಸರಿಗಿಂತ ದೊಡ್ಡದಾಗಿ ನನ್ನ ಹೆಸರು, ಅದರ ಮುಂದೆ ಬಿ.ಎಸ್ಸಿ., ಪಿ.ಜಿ.ಡಿ.ಸಿ.ಎ. ಎಂದು ಬರೆಸಿದೆ. ಬೋರ್ಡ್ ಬರೆಯುವವನು, “ಇಷ್ಟು ದೊಡ್ಡದು ಯಾಕ್ರಿ?” ಎಂದ. “ಓದಿದ್ದು ಸಣ್ಣದಲ್ಲಪ್ಪ, ಬರಿ” ಎಂದೆ.

ಆ ಓದಿನ ಹಿಂದೆ ಇದ್ದವರು ನನ್ನ ಹೈಸ್ಕೂಲಿನ ಮೇಷ್ಟ್ರು ಮತ್ತು ಅವರ ಹೆಂಡತಿ. ಅವರನ್ನು ನಾವು ಹುಡುಗರೆಲ್ಲ ಅಮ್ಮಾರು ಎನ್ನುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ತಮ್ಮ ಮನೆಯ ಕಟ್ಟೆಯ ಮೇಲೆ ನಮಗೆ ಲೆಕ್ಕ ಹೇಳಿಕೊಡುತ್ತಿದ್ದರು, ಅಮ್ಮಾರು ಒಳಗೆ ಉಪ್ಪಿಟ್ಟು ಕೆದಕುತ್ತಿದ್ದರು. ಮೇಷ್ಟ್ರದು ಒಂದು ಕಟ್ಟುನಿಟ್ಟು. ಹಾಳೆಯ ಮೇಲೆ ಮೊದಲು ‘ಶ್ರೀ’ ಬರೆಯಬೇಕು, ಆಮೇಲೆ ಉಳಿದದ್ದು. ಶ್ರೀ ಇಲ್ಲದ ಹಾಳೆಯನ್ನು ಅವರು ಮುಟ್ಟುತ್ತಿರಲಿಲ್ಲ. ಒಂದು ಸಲ ನಾನು ಲೆಕ್ಕವನ್ನೆಲ್ಲ ಮಾಡಿ ಮುಗಿಸಿ, ನೆನಪಾಗಿ, ಮೇಲಿನ ಸಂದಿಯಲ್ಲಿ ಶ್ರೀ ತುರುಕಿ ಕೊಟ್ಟೆ. ಅವರು ಹಾಳೆಯನ್ನು ವಾಪಸ್ ಕೊಟ್ಟು, “ಶ್ರೀ ಆಮ್ಯಾಲೆ ತುರುಕೋದಲ್ಲಲೇ ತಮ್ಮ. ಹೊಸ ಹಾಳಿ ತಗೋ. ಮೊದಲು ಶ್ರೀ ಬರಿ. ಕೆಳಗ ಇದನ್ನೆಲ್ಲ ಕಾಪಿ ಮಾಡು” ಎಂದರು. ಒಳಗಿನಿಂದ ಅಮ್ಮಾರ ದನಿ ಬಂತು: “ಹುಡುಗ ಮೊದಲು ತಿನ್ಲಿ ಬಿಡ್ರಿ. ಶ್ರೀ ಎಲ್ಲಿಗೂ ಓಡಿ ಹೋಗಲ್ಲ.”

ಅಮ್ಮಾರು ಹಡಗಲಿ ತಾಲೂಕಿನ ಇಟ್ಟಿಗಿ ಕಡೆಯವರು. ಆ ದನಿ ಬೀದಿಯ ತಿರುವಿನವರೆಗೆ ಕೇಳುತ್ತಿತ್ತು. ಗಂಡನ ಹೆಸರು ಹೇಳಿ ಕರೆಯುವಂತಿಲ್ಲವಲ್ಲ, “ಕೇಳ್ರಿ ಇಲ್ಲಿ” ಎನ್ನುತ್ತಿದ್ದರು. ಮೇಷ್ಟ್ರು ಮಾತ್ರ ಮೊದಲ ಕೂಗಿಗೆ ಎಂದೂ ಕೇಳಿದವರಲ್ಲ.

ಮೇಷ್ಟ್ರು ರಿಟೈರ್ ಆದ ಮೇಲೆ ಅಮ್ಮಾರ ಗಂಟಲಲ್ಲಿ ಗಡ್ಡೆ ಆಯಿತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೂ ತೆಗೆದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿಯ ಬಟ್ಟೆ. ಜೀವ ಉಳಿಯಿತು, ಮಾತು ಹೋಯಿತು. ಮೇಷ್ಟ್ರು ಮನೆಯಲ್ಲಿದ್ದ ಹಳೆಯ ಪಾಟಿಯನ್ನು ತೊಳೆದು ಬಳಪದ ಜೊತೆ ಕೊಟ್ಟರು. ಅಮ್ಮಾರು ಏಳನೆಯ ಇಯತ್ತೆಯವರೆಗೆ ಓದಿದ್ದವರು, ಬರೆಯಲು ಬರುತ್ತಿತ್ತು. ಆದರೆ ಅವರು ‘ಮನಿಗೆ ಎಣ್ಣಿ ಬೇಕು’ ಎಂದು ಬರೆದರೆ ಮೇಷ್ಟ್ರು ಎಣ್ಣೆ ತರುವ ಮೊದಲು ಅಕ್ಷರ ತಿದ್ದುತ್ತಿದ್ದರು. ಮೂವತ್ತು ವರ್ಷದ ಚಟ, ಬಿಡುವುದು ಸುಲಭವಲ್ಲ. ಒಂದು ದಿನ ಅಮ್ಮಾರು ಪಾಟಿಯನ್ನು ಗೋಡೆಗೆ ಒರಗಿಸಿಟ್ಟು, ನಡೆದುಕೊಂಡು ನೇರ ನನ್ನ ಸೆಂಟರಿಗೆ ಬಂದರು. ಕಂಪ್ಯೂಟರ್ ಕಡೆ ಬೆರಳು ತೋರಿಸಿ, ಆಮೇಲೆ ತಮ್ಮ ಎದೆಯ ಕಡೆ ತೋರಿಸಿದರು. ನನಗೂ ಕಲಿಸು ಎಂದು.

ಮೂಲೆಯ ಯಂತ್ರದ ಮುಂದೆ ಕೂರಿಸಿದೆ. ಆಗಷ್ಟೇ ಇಂಟರ್ನೆಟ್ಟಿನಲ್ಲಿ ಕನ್ನಡವನ್ನು ಕನ್ನಡವಾಗಿಯೇ ಕಾಣಿಸುವ ಯೂನಿಕೋಡ್ ಅಕ್ಷರಗಳು ನಮ್ಮ ಕಡೆಗೂ ಬಂದಿದ್ದವು. ಅಮ್ಮಾರು ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದಂತೆ ಟೈಪ್ ಮಾಡುತ್ತಿದ್ದರು. ಮೊದಲು ಮನೆ ಸಾಮಾನಿನ ಹೆಸರು, ಆಮೇಲೆ ಸಾಲು, ಆಮೇಲೆ ಪುಟ. ತಾವು ಬರೆದದ್ದನ್ನು ಹಡಗಲಿಯಲ್ಲಿದ್ದ ತಮ್ಮನ ಮಗಳು ಓದಬೇಕು ಎಂದು ಅವರಿಗೆ ಆಸೆ. ನನಗೂ ವೆಬ್‌ಸೈಟ್ ಕಟ್ಟುವುದನ್ನು ಹೊಸದಾಗಿ ಕಲಿತ ಹುಮ್ಮಸ್ಸು. ಒಂದು ಸೈಟ್ ಮಾಡಿಕೊಟ್ಟೆ. ಹೆಸರು ಏನಿಡಲಿ ಎಂದು ಕೇಳಿದಾಗ ಅವರು ಟೈಪ್ ಮಾಡಿದರು: ‘ಕೇಳ್ರಿ ಇಲ್ಲಿ’.

ಸೈಟ್ ಎಂದರೆ ಒಂದೇ ಒಂದು ಉದ್ದನೆಯ ಪುಟ. ಒಂದು ದಿನದ ಮಾತಿನ ಕೆಳಗೆ ಮರುದಿನದ ಮಾತು. ಎರಡು ಮೂರು ಸಾಲು ನನಗೆ ಈಗಲೂ ಬಾಯಿಪಾಠ.

‘ಇವರು ಮುಂಜಾನೆ ಎದ್ದು ಪೇಪರ್ ಓದ್ತಾರ. ದಿಲ್ಲಿ ಸುದ್ದಿ ಎಲ್ಲಾ ಗೊತ್ತು. ಒಲಿ ಮ್ಯಾಲಿನ ಹಾಲು ಉಕ್ಕಿದ್ದು ಗೊತ್ತಾಗಲ್ಲ.’

‘ಬಾಯಿ ಇದ್ದಾಗ ಯಾಕ ಹೇಳಲಿಲ್ಲ ಅಂತ ಇವರು ಕೇಳ್ತಾರ. ಹೇಳಿದ್ದೆ. ಆವಾಗ ರೇಡಿಯೋ ಹಚ್ಚಿದ್ರು.’

ಅಮ್ಮಾರು ಒಳಗೆ ಟೈಪ್ ಮಾಡುತ್ತಿರುವಷ್ಟು ಹೊತ್ತು ಮೇಷ್ಟ್ರು ಹೊರಗಿನ ಬೆಂಚಿನ ಮೇಲೆ ಛತ್ರಿ ಹಿಡಿದು ಕಾಯುತ್ತಿದ್ದರು. ನಾನು ಚಹಾ ತರಲು ಹೊರಗೆ ಬಂದರೆ ಮೆಲ್ಲಗೆ ಕೇಳುತ್ತಿದ್ದರು.

“ಏನ್ ಬರೀತಾಳಲೇ?”

“ನಿಮ್ಮ ಬಗ್ಗೆನ ಸರ.”

“ಬೈದಾಳೇನು?”

“ಸ್ವಲ್ಪ.”

“ಹಂಗಾರ ಆಮ್ಯಾಲೆ ಓದ್ತೀನಿ ಬಿಡು.”

ಆ ‘ಆಮ್ಯಾಲೆ’ ಬಂದದ್ದು ಅಮ್ಮಾರು ತೀರಿಕೊಂಡ ಮೇಲೆ. ಗಡ್ಡೆ ಮತ್ತೆ ಬಂದಿತ್ತು. ಕೊನೆಯ ದಿನಗಳಲ್ಲೂ ಆಟೋದಲ್ಲಿ ಬಂದು, ದಿಂಬು ಬೆನ್ನಿಗಿಟ್ಟುಕೊಂಡು ಟೈಪ್ ಮಾಡಿದರು. ಆಗ ಬರೆದದ್ದೇ ಹೆಚ್ಚು. ಒಂದೊಂದು ದಿನದ್ದೂ ಉದ್ದುದ್ದ. ಅವರು ಎದ್ದು ಹೋದ ಮೇಲೆ ನಾನು ಪುಟವನ್ನು ಸೈಟಿಗೆ ಏರಿಸಿ, ಎಲ್ಲ ಸರಿಯಾಗಿ ಕಾಣುತ್ತದೆಯೇ ಎಂದು ನೋಡಿ ಬಿಡುತ್ತಿದ್ದೆ.

ಮಣ್ಣು ಮಾಡಿ ಕೆಲವು ವಾರ ಕಳೆದ ಮೇಲೆ ಮೇಷ್ಟ್ರು ಸೆಂಟರಿಗೆ ಬಂದು ಅದೇ ಮೂಲೆಯಲ್ಲಿ ಕೂತರು. “ಹಚ್ಚು ನೋಡೋಣ” ಎಂದರು. ಮೊದಲಿನಿಂದ ಶುರು ಮಾಡಿದರು. ಒಂದು ದಿನದ ಮಾತು ಓದುವುದು, ಕನ್ನಡಕ ತೆಗೆದು ಒರೆಸುವುದು, ಎದ್ದು ಹೋಗುವುದು. ಮರುದಿನ ಮುಂದಿನದು. ಕೆಲವೊಮ್ಮೆ ಪರದೆಗೆ ಉತ್ತರವನ್ನೂ ಕೊಡುತ್ತಿದ್ದರು. “ಸುಳ್ಳು. ಆ ಹಾಲು ನಾ ಇಳಿಸಿದ್ದೆ.” ಪಕ್ಕದ ಯಂತ್ರದಲ್ಲಿ ಟ್ಯಾಲಿ ಕಲಿಯುತ್ತಿದ್ದ ಹುಡುಗಿಯರು ನಗುತ್ತಿದ್ದರು, ಅವರೂ ನಗುತ್ತಿದ್ದರು.

“ಒಮ್ಮೆಲೇ ಎಲ್ಲಾ ಓದಬಹುದಲ್ಲ ಸರ, ಕೆಳಗ ಇನ್ನೂ ಭಾಳ ಐತಿ” ಎಂದೆ.

“ಎಲ್ಲಾ ಓದಿದ್ರ ಆಮ್ಯಾಲೆ ಆಕಿ ನನ್ನ ಕೂಡ ಏನ್ ಮಾತಾಡ್ತಾಳಲೇ?” ಎಂದರು.



ಹೀಗೆ ಬರುತ್ತಾ ಬರುತ್ತಾ ಅವರೂ ಕಂಪ್ಯೂಟರ್ ಕಲಿತರು. ಸೈಟಿನಿಂದ ಪುಟ ಇಳಿಸುವುದು, ನೋಟ್‌ಪ್ಯಾಡಿನಲ್ಲಿ ತೆರೆಯುವುದು, ಅದರಲ್ಲಿನ ಕೋಡ್ ಸಾಲುಗಳ ನಡುವೆ ಅಮ್ಮಾರ ಫೋಟೋ ಸೇರಿಸುವುದು, ಮತ್ತೆ ಏರಿಸುವುದು. ಫೋಟೋ ಪುಟದಲ್ಲಿ ಕಂಡ ದಿನ ಸೆಂಟರಿನಲ್ಲಿದ್ದವರಿಗೆಲ್ಲ ಪೇಡೆ ಹಂಚಿದರು. ಒಂದೇ ಅಡಚಣೆ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೇಲಿಂದ ಮೇಲೆ ಏಳುವ ಎಚ್ಚರಿಕೆಯ ಡಬ್ಬಿಗಳು. ಆಗ ನಮ್ಮ ಊರುಗಳ ಸೆಂಟರುಗಳಲ್ಲಿದ್ದದ್ದು ಕಾಪಿ ಹೊಡೆದ ಸಾಫ್ಟ್‌ವೇರ್. ವೈರಸ್ ಇದೆ ಎಂದು ಒಂದು ಡಬ್ಬಿ, ಅವಧಿ ಮುಗಿದಿದೆ ಎಂದು ಇನ್ನೊಂದು, ಅಸಲಿ ಅಲ್ಲ ಎಂದು ಮತ್ತೊಂದು. ಪ್ರತಿಯೊಂದನ್ನೂ ಓದುತ್ತಾ ಕೂತರೆ ಪಾಠ ನಡೆಯುವುದಿಲ್ಲ. ಕೊಟ್ಟೂರಿರಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಇರಲಿ, ಎಲ್ಲ ಸೆಂಟರಿನವರೂ ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದದ್ದು ಒಂದೇ: ಡಬ್ಬಿ ಬಂದರೆ ಓಕೆ ಒತ್ತಿ. ಮೇಷ್ಟ್ರಿಗೂ ಹಾಗೆಯೇ ಹೇಳಿದ್ದೆ.

ಅಮ್ಮಾರ ವರ್ಷದ ಸ್ಮರಣೆ ಹತ್ತಿರ ಬಂದಿತ್ತು. ಆ ದಿನ ಮನೆಗೆ ಬಂದವರಿಗೆಲ್ಲ ಪುಟವನ್ನು ತೋರಿಸಬೇಕು ಎಂದು ಮೇಷ್ಟ್ರ ಮನಸ್ಸು. ನಾನು ಕೂಡ್ಲಿಗಿಯ ಒಂದು ಶಾಲೆಗೆ ಕಂಪ್ಯೂಟರ್ ಜೋಡಿಸಲು ಹೋಗಿದ್ದೆ. ಆ ಹೊತ್ತಿನಲ್ಲೇ ಅವರ ಕಣ್ಣಿಗೆ ಬಿದ್ದದ್ದು, ಹೆಂಡತಿಯ ಪುಟದ ಮೇಲೆ ಶ್ರೀ ಇಲ್ಲ ಎಂದು. ಮೇಲೆ ಒಂದು ಶ್ರೀ ಸೇರಿಸಿದ್ದರೆ ಮುಗಿಯುತ್ತಿತ್ತು, ಏನೂ ಆಗುತ್ತಿರಲಿಲ್ಲ. ಆದರೆ ಶ್ರೀ ಆಮೇಲೆ ಸೇರಿಸುವುದಲ್ಲ. ಅವರು ನೋಟ್‌ಪ್ಯಾಡಿನಲ್ಲಿ ಹೊಸ ಹಾಳೆ ತೆಗೆದರು. ಮೊದಲು ಶ್ರೀ ಬರೆದರು. ಅದರ ಕೆಳಗೆ ಅಮ್ಮಾರ ಪುಟವನ್ನೆಲ್ಲ, ಕೋಡ್ ಸಮೇತ, ಕಾಪಿ ಮಾಡಿ ಇಳಿಸಿದರು. ಹಳೆಯ ಹೆಸರಿನಲ್ಲೇ, ಹಳೆಯದರ ಮೇಲೆಯೇ ಉಳಿಸಿದರು. ಒಂದು ಡಬ್ಬಿ ಎದ್ದಿತು. ಓಕೆ ಒತ್ತಿದರು. ಪುಟವನ್ನು ಏರಿಸಿ, ಕೈ ಮುಗಿದು, ಮನೆಗೆ ಹೋದರು.

ನಾನು ಊರಿಗೆ ಬಂದದ್ದು ಸೋಮವಾರ. ಮೇಷ್ಟ್ರು ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು.

“ತಮ್ಮ, ಇದೇನೋ ಆಗೈತಿ ನೋಡು. ಆಕಿ ಪುಟದಾಗ ಬರೇ ಪ್ರಶ್ನೆ ಚಿಹ್ನೆ ಬರಾಕತ್ಯಾವ.”

ನಾನು ನಕ್ಕೆ. ಕನ್ನಡದ ಅಕ್ಷರ ಕಾಣದೆ ಚೌಕ, ಪ್ರಶ್ನೆ ಬರುವುದು ಆಗ ದಿನನಿತ್ಯದ ಮಾತು. “ಅಕ್ಷರ ಕಾಣವಲ್ವು ಅಷ್ಟ ಸರ. ಒಳಗ ಇರ್ತಾವ” ಎಂದೆ. ತೆರೆದು ನೋಡಿದೆ. ಮೇಲಿಂದ ಕೆಳಗಿನವರೆಗೆ ಪ್ರಶ್ನೆ ಚಿಹ್ನೆಗಳ ಸಾಲು. ಶ್ರೀ ಇದ್ದ ಜಾಗದಲ್ಲೂ ಅವೇ. ಕಡತದ ಒಳಗೆ ಹೋಗಿ ನೋಡಿದೆ. ಅಲ್ಲೂ ಅವೇ. ಕೋಡಿನ ಇಂಗ್ಲಿಷ್ ಅಕ್ಷರ, ಅಂಕಿ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಇದ್ದಲ್ಲೇ ಇದ್ದವು. ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ನೋಟ್‌ಪ್ಯಾಡಿನ ಹೊಸ ಹಾಳೆ ತಾನಾಗಿ ಇಂಗ್ಲಿಷಿಗೆ ಮಾತ್ರ ಹೊಂದಿಕೊಂಡಿರುತ್ತಿತ್ತು. ಬೇರೆ ಭಾಷೆ ಬರೆದು ಉಳಿಸಲು ಹೊರಟರೆ, ಹೀಗೇ ಉಳಿಸಿದರೆ ಈ ಅಕ್ಷರಗಳು ಕಳೆದುಹೋಗುತ್ತವೆ ಎಂದು ಅದು ಮೊದಲೇ ಹೇಳುತ್ತಿತ್ತು. ಆ ಡಬ್ಬಿಗೇ ಮೇಷ್ಟ್ರು ಓಕೆ ಎಂದಿದ್ದರು. ಒಪ್ಪಿಗೆ ಸಿಕ್ಕ ಮೇಲೆ ಅದು ಒಂದೊಂದು ಕನ್ನಡ ಅಕ್ಷರ ತೆಗೆದು ಅದರ ಜಾಗಕ್ಕೆ ಒಂದೊಂದು ಪ್ರಶ್ನೆ ಚಿಹ್ನೆ ಇಟ್ಟಿತ್ತು. ಕಿಟಕಿ ಮುಚ್ಚುವವರೆಗೆ ಪರದೆಯ ಮೇಲೆ ಎಲ್ಲ ಮೊದಲಿನಂತೆಯೇ ಕಾಣುತ್ತಿದ್ದುದರಿಂದ ಅವರಿಗೆ ಗೊತ್ತಾಗುವ ಹಾದಿಯೇ ಇರಲಿಲ್ಲ.

“ನೀ ಹೇಳಿದಂಗ ಓಕೆ ಒತ್ತಿದೆನಪ್ಪ” ಎಂದರು. ಆರೋಪವಲ್ಲ. ಪರೀಕ್ಷೆ ಬರೆದು ಬಂದ ಹುಡುಗ ಮೇಷ್ಟ್ರ ಮುಂದೆ ಉತ್ತರ ಒಪ್ಪಿಸುವ ದನಿ ಅದು. ಅವರ ಬಾಯಲ್ಲಿ ಆ ದನಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ವಾಪಸ್ ತರ್ತೀನಿ ಸರ” ಎಂದೆ. ಬೋರ್ಡಿನ ಮೇಲೆ ಅಷ್ಟು ದೊಡ್ಡದಾಗಿ ಬರೆಸಿಕೊಂಡವನು ಬೇರೆ ಏನು ಹೇಳಲಿ.

ಅಮ್ಮಾರು ಟೈಪ್ ಮಾಡಿದ್ದ ಯಂತ್ರದಲ್ಲಿ ಹಳೆಯ ಪ್ರತಿ ಇರಲಿಲ್ಲ. ವೈರಸ್ ಹೊಕ್ಕಾಗಲೆಲ್ಲ ಎಲ್ಲ ಅಳಿಸಿ ಹೊಸದಾಗಿ ಹಾಕುವುದು ನಮ್ಮಲ್ಲಿ ವಾಡಿಕೆ. ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಗೆ ಫೋನ್ ಹಚ್ಚಿದೆ. ವಾರಕ್ಕೊಮ್ಮೆ ಭಾನುವಾರ ನಕಲು ತೆಗೆದಿಡುತ್ತೇವೆ, ಹೊಸ ನಕಲು ಬಂದಾಗ ಹಳೆಯದು ಹೋಗುತ್ತದೆ ಎಂದರು. ಮೇಷ್ಟ್ರು ಶ್ರೀ ಬರೆದದ್ದು ಶನಿವಾರ. ಅವರ ಬಳಿ ಇದ್ದದ್ದೂ ಪ್ರಶ್ನೆ ಚಿಹ್ನೆಗಳೇ.

ಮರುದಿನ ಹಡಗಲಿ ಬಸ್ಸು ಹತ್ತಿದೆವು. ಅಮ್ಮಾರ ತಮ್ಮನ ಮಗಳು ಅಲ್ಲಿಯ ಸೈಬರ್ ಕೆಫೆಯಲ್ಲಿ ಈ ಪುಟವನ್ನು ಓದುತ್ತಿದ್ದಳು. ನೋಡಿದ ಪುಟದ ಒಂದು ನಕಲನ್ನು ಕಂಪ್ಯೂಟರ್ ತನ್ನೊಳಗೆ ಇಟ್ಟುಕೊಂಡಿರುತ್ತದೆ, ಅದು ಸಿಕ್ಕರೂ ಸಿಗಬಹುದು ಎಂದು ನನ್ನ ಲೆಕ್ಕ. ಸೈಬರಿನವನು ಒಳ್ಳೆಯವ, ಮೇಷ್ಟ್ರನ್ನು ನೋಡಿ ಎದ್ದು ನಿಂತು ಕುರ್ಚಿ ಕೊಟ್ಟ. ವಿಷಯ ಕೇಳಿ ಕೈ ಚೆಲ್ಲಿದ. “ಹಳೇ ಮಷೀನ್ ಎಲ್ಲಾ ಕೊಟ್ಟು ಹೊಸಾವು ಹಾಕ್ಸೀವ್ರಿ. ಒಂದ್ ತಿಂಗಳು ಮೊದಲು ಬಂದಿದ್ರ ಸಿಗ್ತಿತ್ತು ನೋಡ್ರಿ.”

“ಒಂದ್ ತಿಂಗಳ ಹಿಂದ ನಮಗ ಬರೋ ಕೆಲಸ ಇರಲಿಲ್ಲಪ್ಪ” ಎಂದರು ಮೇಷ್ಟ್ರು.

ಕೊನೆಗೆ ಸಿಕ್ಕದ್ದು ನಾನು ನೆನೆಸದ ಕಡೆ. ಇಂಟರ್ನೆಟ್ಟಿನಲ್ಲಿ ಹುಡುಕಿಕೊಡುವ ಸೈಟುಗಳು ಎಲ್ಲರ ಪುಟಗಳನ್ನೂ ಆಗಾಗ ನೋಡಿ ಹೋಗಿ ಒಂದು ಪ್ರತಿ ಇಟ್ಟುಕೊಂಡಿರುತ್ತವೆ. ಸೆಂಟರಿಗೆ ವಾಪಸ್ ಬಂದು ‘ಕೇಳ್ರಿ ಇಲ್ಲಿ’ ಎಂದು ಹಾಕಿ ಹುಡುಕಿದೆ. ಪುಟದ ಹೆಸರು ಬಂತು. ಅದರ ಕೆಳಗೆ ಸಣ್ಣದಾಗಿ, ಉಳಿಸಿದ ಪ್ರತಿ ಎಂದು ಇಂಗ್ಲಿಷಿನಲ್ಲಿ. ಒತ್ತಿದೆ. ನಮ್ಮ ಇಂಟರ್ನೆಟ್ ಆಗ ಎತ್ತಿನ ನಡೆ. ಮೇಲಿನಿಂದ ಒಂದೊಂದೇ ಸಾಲು ಇಳಿಯಿತು. ಕನ್ನಡ. ‘ಇವರು ಮುಂಜಾನೆ ಎದ್ದು ಪೇಪರ್ ಓದ್ತಾರ.’

ಮೇಷ್ಟ್ರು ಕುರ್ಚಿಯಿಂದ ಎದ್ದೇ ನಿಂತರು. “ಬಂದ್ಲು ನೋಡು” ಎಂದರು.

ನಾನು ಮೊದಲು ಅದನ್ನು ಎರಡು ಕಡೆ ಉಳಿಸಿದೆ, ಆಮೇಲೆ ಕೆಳಕ್ಕೆ ಸರಿಸಿದೆ. ಸರಿಸುತ್ತಾ ಹೋದಂತೆ ಪುಟ ಇರಬೇಕಾದಷ್ಟು ಉದ್ದ ಇಲ್ಲವೆಂದು ತಿಳಿಯಿತು. ಅರ್ಧಕ್ಕಿಂತ ಮೊದಲೇ ಮುಗಿಯಿತು. ಹುಡುಕುವ ಸೈಟಿನವರು ಪುಟವನ್ನು ನೋಡಿ ಹೋದದ್ದು ಅಮ್ಮಾರು ಬದುಕಿದ್ದಾಗ, ಗಡ್ಡೆ ಮತ್ತೆ ಬರುವುದಕ್ಕೆ ಮೊದಲು. ಆಮೇಲೆ ಈ ಕಡೆ ಬಂದೇ ಇರಲಿಲ್ಲ. ಆಟೋದಲ್ಲಿ ಬಂದು ದಿಂಬಿಗೆ ಒರಗಿ ಟೈಪ್ ಮಾಡಿದ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ಮೇಷ್ಟ್ರು ಮೆಲ್ಲಗೆ ಕೂತರು. “ಇದರ ಮುಂದಿನದು ಒಂದಿಷ್ಟು ನಾ ಓದೀನಿ. ನೆನಪೈತಿ. ಹೇಳ್ತೀನಿ, ಬರಕೋ” ಎಂದರು. ಅವರು ಹೇಳಿದರು, ನಾನು ಟೈಪ್ ಮಾಡಿದೆ. ‘ನನ್ನ ಪತಿಯವರು ಸಂತೆಯಿಂದ ಬಾಡಿದ ಬದನೆಕಾಯಿಗಳನ್ನು ತಂದಿದ್ದಾರೆ. ನನಗೆ ಬೇಸರವಾಗಿದೆ.’ ನಾಲ್ಕು ಸಾಲು ಆಗುವಷ್ಟರಲ್ಲಿ ನನ್ನ ಕೈ ನಿಂತಿತು.

“ಅಮ್ಮಾರು ಹಿಂಗ ಮಾತಾಡ್ತಿದ್ದಿಲ್ಲ ಸರ.”

ಅವರು ಪರದೆಯನ್ನು ಓದಿದರು. ಮತ್ತೊಮ್ಮೆ ಓದಿದರು. “ಹೌದು. ಇದು ನನ್ನ ಮಾತಾತು” ಎಂದರು. “ಅಳಸಿಬಿಡು.” ಅಳಿಸಿದೆ.

“ಆಕಿ ಏನಂದಿದ್ಲು ಅನ್ನೋದು ನೆನಪೈತಲೇ. ಹೆಂಗಂದಿದ್ಲು ಅನ್ನೋದು ಬರವಲ್ದು” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ಹೊತ್ತು ಅದನ್ನೇ ಹಿಡಿದಿಟ್ಟುಕೊಂಡವರಂತೆ, “ಕಡೀದು ನೀ ಓದಿದ್ದಿ ಅಲ್ಲ? ಏರಿಸಿದವನು ನೀನ. ನಾ ಅಲ್ಲೀತನಕ ಮುಟ್ಟೇ ಇದ್ದಿಲ್ಲ. ಏನ್ ಬರದಿದ್ಲು?” ಎಂದರು.

ಆ ಕ್ಷಣದಲ್ಲಿ ಏನಾದರೂ ಕಟ್ಟಿ ಹೇಳಿಬಿಡಬಹುದಿತ್ತು. ನಿಮ್ಮನ್ನು ನೆನೆಸಿ ಒಳ್ಳೆಯ ಮಾತು ಬರೆದಿದ್ದರು ಎಂದರೆ ನಂಬುತ್ತಿದ್ದರು. ನಾಲಿಗೆಯ ತುದಿಗೂ ಬಂತು. ಆದರೆ ಅಂದು ಶ್ರೀ ತುರುಕಿ ಕೊಟ್ಟ ನನ್ನ ಹಾಳೆಯನ್ನು ಹಿಡಿದು ನೋಡಿದ ಕಣ್ಣುಗಳು ಎದುರಿಗಿದ್ದವು.

“ನೋಡಿದ್ದೆ ಸರ. ಒತ್ತಕ್ಷರ ಸರಿ ಕೂತಾವಿಲ್ಲೋ, ಸಾಲು ಒಡದಾವೋ ಅಂತ ಒಂದೊಂದೂ ನೋಡಿದ್ದೆ. ಓದಿಲ್ಲ.”

ಅವರು ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ವರ್ಷದ ಸ್ಮರಣೆಯ ದಿನಕ್ಕೆ ಸಿಕ್ಕ ಅರ್ಧವನ್ನು ಸೈಟಿಗೆ ಏರಿಸಿದೆ. ಬಂದವರು ಓದಿದರು, ನಕ್ಕರು, ಕಣ್ಣು ಒರೆಸಿಕೊಂಡರು. ಇಷ್ಟಾದರೂ ಉಳೀತಲ್ಲ ಎಂದು ಮೇಷ್ಟ್ರಿಗೆ ಸಮಾಧಾನ ಹೇಳಿದರು. ಮೇಷ್ಟ್ರು ಹೌದು ಹೌದು ಎಂದರು. ಅದರ ಕೆಳಗಿನ ಪ್ರಶ್ನೆ ಚಿಹ್ನೆಗಳನ್ನು ತೆಗೆದುಬಿಡಲೇ ಎಂದು ನಾನು ಮೊದಲೇ ಕೇಳಿದ್ದೆ. ಓದುವವರಿಗೆ ಪುಟ ಕೆಟ್ಟಿದೆ ಅನಿಸುತ್ತದೆ ಎಂದೂ ಹೇಳಿದ್ದೆ. “ಇರ್ಲಿ ಬಿಡು” ಎಂದಿದ್ದರು. “ಮಾತು ಹೋಗ್ಯಾವ. ಆಕಿ ಮಾತಾಡಿದ ಜಾಗ ಆದ್ರೂ ಇರ್ಲಿ.” ಹಾಗಾಗಿ ಅಮ್ಮಾರ ಪುಟದಲ್ಲಿ ಮೇಲಿನ ಅರ್ಧ ಕನ್ನಡ, ಕೆಳಗಿನ ಅರ್ಧ ಪ್ರಶ್ನೆ ಚಿಹ್ನೆ.

ಅದಾದ ಮೇಲೂ ಅವರು ಬರುವುದನ್ನು ಬಿಡಲಿಲ್ಲ. ಮೇಲಿನ ಭಾಗವನ್ನು ಸರಸರ ದಾಟಿಸಿ ಕೆಳಗೆ ಹೋಗುತ್ತಿದ್ದರು. ಪ್ರಶ್ನೆ ಚಿಹ್ನೆಗಳ ನಡುವೆ ಅಲ್ಲಲ್ಲಿ ಒಂದು ಅಂಕಿ ಉಳಿದಿರುತ್ತಿತ್ತು. ಒಂದು ದಿನ ನನ್ನನ್ನು ಕರೆದು ಪರದೆಗೆ ಬೆರಳು ಹಚ್ಚಿದರು. ಅಲ್ಲಿ 8.15 ಎಂದಿತ್ತು.

“ಇದು ಹಡಗಲಿ ಬಸ್ಸು. ಆಕಿ ತಮ್ಮನ ಮಗಳ ಸೀರಿ ಉಡಿಸೋ ಕಾರ್ಯಕ್ಕ ಹೊಂಟಿದ್ವಿ. ನಾ ಪೇಪರ್ ಓದ್ತಾ ಕುಂತು ಬಸ್ಸು ತಪ್ಪಿತು. ಬೈದಿರ್ತಾಳ ನೋಡು, ಇಲ್ಲಿಂದ ಇಲ್ಲೀತನಕ” ಎಂದು ಆ ಇಡೀ ಸಾಲಿನ ಮೇಲೆ ಬೆರಳಾಡಿಸಿ ನಕ್ಕರು. ನಾನೂ ನಕ್ಕೆ.

ಅದರ ಕೆಳಗೆ ಇನ್ನೊಂದು ದಿನದ್ದು. ಉದ್ದವಾಗಿತ್ತು. ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಅಲ್ಪವಿರಾಮಗಳಿದ್ದವು, ಒಂದು ಕಡೆ ಸಾಲು ಒಡೆದು ಪ್ರಶ್ನೆ ಚಿಹ್ನೆಗಳ ಒಂದೇ ಸಣ್ಣ ಪದ ಬೇರೆ ನಿಂತಿತ್ತು. ಮೇಷ್ಟ್ರು ಬೆರಳನ್ನು ಅಲ್ಲಿಗೆ ತಂದು ನಿಲ್ಲಿಸಿದರು. ಕರೆಂಟ್ ಹೋಗಿ ಯು.ಪಿ.ಎಸ್. ಕೂಗತೊಡಗಿತು. ನಾನು ಉಳಿದ ಯಂತ್ರಗಳನ್ನು ಒಂದೊಂದಾಗಿ ಆರಿಸಿದೆ. ಅವರದನ್ನು ಮಾತ್ರ ಹಾಗೆಯೇ ಬಿಟ್ಟೆ.

“ಇಲ್ಲಿ ಏನೋ ಭಾಳ ಹೇಳ್ಯಾಳ” ಎಂದರು.

“ಹೌದು ಸರ” ಎಂದೆ.